ಏಳು ಸುದ್ದಿ, ಒಂದೇ ಉಸಿರು

ಸಂಜೆ ಟೀವಿಯಲ್ಲಿ ವಾರ್ತೆ ಓದುವ ಹೆಂಗಸಿಗೆ ಊರಿನ ಜನ ಇಟ್ಟ ಹೆಸರು ವಾರ್ತಕ್ಕ. ಆ ಹೆಸರು ತಂದುಕೊಟ್ಟದ್ದು ಅವಳ ಮುಖವಲ್ಲ, ಉಸಿರು. ಶುರುವಿನಲ್ಲಿ ಬರುವ ಏಳು ಮುಖ್ಯಾಂಶಗಳನ್ನು ಅವಳು ಒಂದೇ ಉಸಿರಿನಲ್ಲಿ ಓದುತ್ತಿದ್ದಳು. ಅವಸರವಿಲ್ಲ, ಒಂದಕ್ಷರ ನುಂಗುವುದಿಲ್ಲ. ಏಳನೆಯದು ಮುಗಿದ ಮೇಲೆ ‘ಈಗ ವಿವರಗಳು’ ಎಂದು ಸಾವಕಾಶವಾಗಿ ಹೇಳಿ, ಆಮೇಲಷ್ಟೇ ಉಸಿರೆಳೆದುಕೊಳ್ಳುತ್ತಿದ್ದಳು. ಮನೆಮನೆಗಳಲ್ಲಿ ಮಕ್ಕಳು ಟೀವಿ ಮುಂದೆ ಕೂತು, ಮೂಗು ಹಿಡಿದು, ಅವಳ ಜೊತೆ ಪಂದ್ಯ ಕಟ್ಟುತ್ತಿದ್ದವು. ನಾಲ್ಕನೆಯ ಸುದ್ದಿಗೆ ಕೆಲವು, ಐದಕ್ಕೆ ಕೆಲವು ‘ಹಾ!’ ಎಂದು ಬಾಯಿ ಬಿಟ್ಟು ಸೋಲುತ್ತಿದ್ದವು. ಏಳರವರೆಗೆ ಮುಟ್ಟಿದ ಮಗು ಮಾರನೆಯ ದಿನ ಶಾಲೆಯಲ್ಲಿ ನೆಲದ ಮೇಲೆ ನಡೆಯುತ್ತಿರಲಿಲ್ಲ.

ಅವಳ ಎದೆಯಿಂದ ಕೆಳಗೆ ಏನಿದೆಯೆಂದು ಮಾತ್ರ ಟೀವಿ ನೋಡುವವರಿಗೆ ಗೊತ್ತಿರಲಿಲ್ಲ. ಸ್ಟುಡಿಯೋದ ಮರದ ಮೇಜು ಬೀರುವೊಂದನ್ನು ಅಡ್ಡ ಮಲಗಿಸಿದಷ್ಟು ದೊಡ್ಡದು. ಮೇಲೆ ಗರಿಗರಿ ಕೋಟು, ಕೆಳಗೆ ಮನೆಯ ಸಡಿಲ ಪೈಜಾಮ, ಕಾಲಿಗೆ ಸವೆದ ಹವಾಯಿ ಚಪ್ಪಲಿ. ಆ ಮೇಜಿನ ಹಿಂದೆ ಅವಳು ವರ್ಷ ವರ್ಷ ಇಷ್ಟಿಷ್ಟೇ ದಪ್ಪಗಾಗಿದ್ದಳು. ಕ್ಯಾಮೆರಾದವನು ಇಷ್ಟಿಷ್ಟೇ ಹತ್ತಿರ ಬಂದು ಮುಖವನ್ನಷ್ಟೇ ಹಿಡಿಯುವುದನ್ನು ಕಲಿತಿದ್ದ. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಮೇಜು, ಕ್ಯಾಮೆರಾ, ಅವಳು, ಮೂವರೂ ಸೇರಿ ಸಂಸಾರ ನಡೆಸಿಕೊಂಡು ಹೋಗುತ್ತಿದ್ದರು.

ಆಗ ಬಂದ, ಹೊಸ ಸಂಪಾದಕ. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನು, ಮಾತು ಬೆಣ್ಣೆ. ಬಂದ ತಿಂಗಳಲ್ಲೇ ಅವಳನ್ನು ಕರೆದು ಕೂರಿಸಿದ.

“ಮೇಡಂ, ಸ್ಟುಡಿಯೋ ಪೂರ್ತಿ ಬದಲಾಗುತ್ತೆ. ಗಾಜಿನ ಮೇಜು ಬರ್ತಿದೆ. ತಲೆಯಿಂದ ಪಾದದ ತನಕ ಎಲ್ಲಾ ಕಾಣುತ್ತೆ. ಪಾರದರ್ಶಕತೆ! ಅದೇ ನಮ್ಮ ಹೊಸ ಮಂತ್ರ.”

“ಸುದ್ದಿ ಪಾರದರ್ಶಕವಾದ್ರೆ ಸಾಕಲ್ವಾ ಸರ್? ನನ್ನ ಮೊಣಕಾಲು ಕಟ್ಕೊಂಡು ಜನಕ್ಕೇನು?”

ಅವನು ನಕ್ಕ. ನಗು ಮುಗಿಯುವ ಮೊದಲೇ ಮುಂದಿನ ಮಾತು ತಯಾರಾಗಿತ್ತು. “ಅದಕ್ಕೇ ನಿಮಗೆ ಬೇರೆಯೇ ಯೋಚನೆ ಮಾಡಿದ್ದೀನಿ. ಭಾನುವಾರ ಮಧ್ಯಾಹ್ನ ಅರ್ಧ ಗಂಟೆ, ‘ಇದ್ದ ಹಾಗೇ ಚೆಂದ’ ಅಂತ ಕಾರ್ಯಕ್ರಮ. ದಪ್ಪ ಇರೋರು ಬಂದು ತಮ್ಮ ಕಥೆ ಹೇಳ್ಕೋತಾರೆ. ನೀವೇ ನಡೆಸಿಕೊಡಿ. ಈಗ ಎಲ್ಲಾ ಕಡೆ ಅದೇ ಓಡ್ತಿರೋದು. ಮೊದಲಿನ ಹಾಗಲ್ಲ, ಜನ ದಪ್ಪದವರನ್ನ ಒಪ್ಕೋತಾರೆ.”

“ಮತ್ತೆ ಸಂಜೆ ವಾರ್ತೆ?”

“ಅದಕ್ಕೆ ಹೊಸ ಹುಡುಗಿ ಇದ್ದಾಳಲ್ಲ.”

ವಾರ್ತಕ್ಕ ಲೆಕ್ಕ ಹಾಕಿದಳು. ಭಾನುವಾರ ಮಾತ್ರ ಇದ್ದ ಹಾಗೇ ಚೆಂದ. ಉಳಿದ ದಿನ ಇದ್ದ ಹಾಗೆ ಬೇಡ. ಬಾಯಿಗೆ ಬಂದದ್ದನ್ನು ಹೇಳುವ ಜಾತಿಯವಳಲ್ಲ ಅವಳು. ಮಾತನ್ನು ನಾಲಿಗೆಯ ಮೇಲೆ ಒಂದು ಸುತ್ತು ತಿರುಗಿಸಿ, ಮುಳ್ಳಿಲ್ಲವೆಂದು ಖಾತ್ರಿಯಾದ ಮೇಲೆ ಹೊರಬಿಡುವವಳು. ಈ ಸಲ ಮುಳ್ಳಿದ್ದರೂ ಬಿಟ್ಟಳು.

“ಸರ್, ನಾನು ದಪ್ಪ ಇರೋದು ಸುದ್ದಿ ಅಲ್ಲ. ಸುದ್ದಿ ಓದೋದು ನನ್ನ ಕೆಲಸ. ಗಾಜಿನ ಮೇಜಿನಲ್ಲೇ ಓದ್ತೀನಿ.”

ಸಂಪಾದಕ ಪೆನ್ನು ತಿರುಗಿಸಿದ. “ಆಯ್ತು. ಪೂರ್ವಾಭ್ಯಾಸದಲ್ಲಿ ನೋಡೋಣ. ಸರಿ ಬಂದ್ರೆ ನೀವು. ಇಲ್ಲಾಂದ್ರೆ ಅವಳು.”

ಕೋಣೆಯಿಂದ ಹೊರಬರುವಾಗ ಅವಳ ನಡಿಗೆಯಲ್ಲಿ ಗತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೆ ಗತ್ತು ಇಳಿಯಿತು. ಪಕ್ಕದ ಸೀಟಿನವಳು ಗುರುತು ಹಿಡಿಯದೆ ಸ್ವಲ್ಪ ಸರಿದು ಕೂತಳು. ದಿನವೂ ಯಾರಾದರೂ ಸರಿಯುತ್ತಿದ್ದರು. ಅಂದು ಅದು ಕಣ್ಣಿಗೆ ಬಿತ್ತು. ಗಾಜಿನ ಹಿಂದೆ ತನ್ನ ಹೊಟ್ಟೆ, ಅದನ್ನು ನೋಡುವ ಇಡೀ ಊರು.

ಆ ರಾತ್ರಿ ತನ್ನದೇ ಚಾನೆಲ್ಲಿನ ವಾರ್ತೆಯ ನಡುವೆ ಬಂದ ಜಾಹೀರಾತು ನೋಡಿ ಒಂದು ಬಿಗಿಯುಡುಪು ತರಿಸಿದಳು. ಎದೆಯ ಕೆಳಗಿನಿಂದ ತೊಡೆಯವರೆಗೆ ಬರುವ, ಒಳಗೆ ಪ್ಲಾಸ್ಟಿಕ್ ಪಟ್ಟಿಗಳಿದ್ದ ಮೈಬಣ್ಣದ ಉಡುಪು. ಡಬ್ಬಿಯ ಮೇಲಿನ ಹೆಂಗಸಿಗೆ ಅದುಮಲು ಹೊಟ್ಟೆಯೇ ಇರಲಿಲ್ಲ. ವಾರ್ತಕ್ಕ ಅದರೊಳಗೆ ಹೋಗಲು ಗೋಡೆ ಹಿಡಿದಳು, ಮಂಚದ ಮೇಲೆ ಉರುಳಿದಳು, ಕೊನೆಗೆ ತಾಯಿಯನ್ನು ಕೂಗಿದಳು. ತಾಯಿ ಅವಳ ಬೆನ್ನಿಗೆ ಮೊಣಕಾಲು ಒತ್ತಿ ಹಿಡಿದು ಕೊಕ್ಕೆಗಳನ್ನು ಹಾಕಿಕೊಟ್ಟಳು.

“ಪುಟ್ಟೀ, ಇದರೊಳಗೆ ಊಟ ಎಲ್ಲಿ ಇಟ್ಕೋತೀಯೇ?” ಎಂದಳು. ಅಷ್ಟು ದೊಡ್ಡ ಹೆಂಗಸನ್ನು ಪುಟ್ಟಿ ಎಂದು ಕರೆಯುವ ಹಕ್ಕು ಅವಳೊಬ್ಬಳಿಗೇ ಇತ್ತು.

“ಊಟ ವಾರ್ತೆ ಆದ್ಮೇಲೆ ಅಮ್ಮ.”

“ಉಸಿರು?”

“ಅದಕ್ಕೆಷ್ಟು ಜಾಗ ಬೇಕು, ಬಿಡು.”

ಪೂರ್ವಾಭ್ಯಾಸದ ದಿನ ಗಾಜಿನ ಮೇಜು ದೀಪಗಳ ಕೆಳಗೆ ಕೊಳದ ಹಾಗೆ ಹೊಳೆಯುತ್ತಿತ್ತು. ವಾರ್ತಕ್ಕ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಹೊಸ ಬೂಟು ತೊಟ್ಟು ಬಂದು ಕೂತಳು. ಮಾನಿಟರಿನಲ್ಲಿ ತನ್ನನ್ನು ನೋಡಿಕೊಂಡಾಗ ಪರವಾಗಿಲ್ಲ ಎನಿಸಿತು. ತನಗೇ ತಾನು ಯಾರೋ ದೂರದ ನೆಂಟಳಂತೆ ಕಾಣುತ್ತಿದ್ದಳು, ಅಷ್ಟೆ.

“ಮೇಡಂ, ರೆಡಿ?”

ಮೊದಲ ಮುಖ್ಯಾಂಶ ಸರಾಗವಾಗಿ ಹೋಯಿತು. ಎರಡು, ಮೂರು. ನಾಲ್ಕನೆಯದರ ಕೊನೆಗೆ ಎದೆಯಲ್ಲಿ ಏನೋ ಖಾಲಿಯಾಯಿತು. ಐದನೆಯದರ ಮಧ್ಯೆ, ‘ಸೇತುವೆಯ ದುರಸ್ತಿ ಕಾಮ…’ ಎಂಬಲ್ಲಿ ಉಸಿರು ಕೈಕೊಟ್ಟಿತು.

“ಇನ್ನೊಂದು ಸಲ,” ಎಂದಳು. ಇನ್ನೊಂದು ಸಲವೂ ಅಲ್ಲೇ, ಸೇತುವೆಯ ಮೇಲೆಯೇ ನಿಂತಳು.

ಗಾಜಿನ ಕಿಂಡಿಯ ಆಚೆಯಿಂದ ಸೌಂಡಿನವನ ದನಿ ಬಂತು. ಇವಳು ಸೇರುವ ಮೊದಲಿನಿಂದಲೂ ಅಲ್ಲಿರುವ, ಕಿವಿಯ ಮೇಲಿನ ಹೆಡ್‌ಫೋನ್ ತೆಗೆದರೆ ಗುರುತೇ ಸಿಗದ ಮನುಷ್ಯ. “ಅಕ್ಕಾ, ಏನೋ ಕಿರ್ ಕಿರ್ ಅಂತಿದೆ. ಕುರ್ಚಿ ನೋಡಿ.”

ಕುರ್ಚಿ ಬದಲಿಸಿದರು. ಕಿರ್ ಎಂದಿತು. ಎಣ್ಣೆ ಬಿಟ್ಟರು. ಎಣ್ಣೆಗೂ ಬಗ್ಗಲಿಲ್ಲ.

ಸಂಪಾದಕ ಹತ್ತಿರ ಬಂದು ದನಿ ತಗ್ಗಿಸಿದ. “ತೂಕ ಜಾಸ್ತಿ ಆದ್ರೆ ಉಸಿರಿಗೆ ಕಷ್ಟ ಮೇಡಂ. ಅದು ಸಹಜ. ಮರದ ಮೇಜಿನ ಹಿಂದೆ ಹೇಗೋ ನಡೀತಿತ್ತು…”

ಆ ಮಾತು ಅವಳಿಗೆ ನಿಜವೆಂದೇ ತೋರಿತು. ಆದರೂ ಅವಳು ಏಳಲಿಲ್ಲ. “ನಾಳೆ ಮೊದಲ ಪ್ರಸಾರ. ನಾನು ಬರ್ತೀನಿ ಅಂತ ವಾರದಿಂದ ಜಾಹೀರಾತು ಹಾಕಿದ್ದೀರಿ. ಒಂದು ದಿನ ಕೂರಿಸಿ. ಮುಖ್ಯಾಂಶದಲ್ಲಿ ಉಸಿರು ತುಂಡಾದ್ರೆ ನಾನೇ ಎದ್ದು ಹೋಗ್ತೀನಿ. ಮತ್ತೆ ಕೇಳಲ್ಲ.”

“ಒಂದೇ ದಿನ,” ಎಂದ ಅವನು.

ಮನೆಗೆ ಬಂದರೆ ಮಗಳು ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತಿದ್ದಳು. ಶಾಲೆಗೆ ಹೋಗುವ, ಮೈ ಈಗಷ್ಟೇ ತುಂಬಿಕೊಳ್ಳುತ್ತಿರುವ ಹುಡುಗಿ. ಹೊಟ್ಟೆಯನ್ನು ಬೆನ್ನಿಗಂಟಿಸಿಕೊಂಡು, ತುಟಿ ಬಿಗಿದು, ಮುಖ ಕೆಂಪಗೆ ಮಾಡಿಕೊಂಡಿದ್ದಳು.

“ಏನೇ ಅದು?”

“ಫೋಟೋಗೆ ಪ್ರಾಕ್ಟೀಸ್,” ಎಂದಳು ಮಗಳು, ಅರ್ಧ ಉಸಿರಲ್ಲಿ. “ಎಲ್ಲರೂ ಒಳಗೆ ಎಳ್ಕೊಂಡೇ ನಿಲ್ಲೋದು.”

“ಹಾಗೆಲ್ಲ ಮಾಡಬಾರದು ಮರಿ.”

“ನೀನು ಅದನ್ನ ಹಾಕ್ಕೊಂಡಿದ್ದೀಯಲ್ಲ?”

ಅಡುಗೆಮನೆಯಿಂದ ಅಜ್ಜಿ ಕೈ ಒರೆಸಿಕೊಂಡು ಬಂದು, ಗೋಡೆಯ ಮೇಲಿದ್ದ ತನ್ನ ಮದುವೆಯ ಫೋಟೋ ಕಡೆ ಬೆರಳು ತೋರಿಸಿದಳು. “ಅದರಲ್ಲಿ ನಾನು ಹೇಗೆ ಕಾಣ್ತೀನಿ, ಹೇಳು?”

“ಗುಂಡುಗುಂಡಾಗಿ,” ಎಂದಳು ಮೊಮ್ಮಗಳು.

“ಸುಳ್ಳು. ಒಳಗೆ ಎರಡು ಲಂಗ, ಅದರ ಮೇಲೆ ಒಂದು ಟವೆಲ್ಲು. ಕಡ್ಡಿ ಹಾಗಿದ್ದೆ ನಾನು. ಸಣ್ಣಗಿರೋಳು ಫೋಟೋದಲ್ಲಿ ಚೆನ್ನಾಗಿರಲ್ಲ, ಉಪವಾಸ ಕೆಡವಿದ್ದಾರೆ ಅನ್ಕೋತಾರೆ ಅಂತ ನಮ್ಮಮ್ಮ ಸುತ್ತಿದ್ಲು. ಬೆವರು ಅಂದ್ರೆ ಬೆವರು! ಆ ನಗು ನೋಡು, ಯಾವಾಗ ಬಿಚ್ತಾರೋ ಅಂತ ನಗ್ತಿರೋದು.” ಆಮೇಲೆ ವಾರ್ತಕ್ಕನ ಕಡೆ ತಿರುಗಿದಳು. “ನನಗೆ ಇಲ್ಲದ್ದನ್ನ ತುರುಕಿದ್ರು. ನೀನು ಇರೋದನ್ನ ಅದುಮ್ತಿದ್ದೀಯ. ಇಬ್ಬರಿಗೂ ಊಟ ಸೇರಲಿಲ್ಲ, ಅಷ್ಟೇ ಲಾಭ.”

ಮೂವರೂ ನಕ್ಕರು. ಬಿಗಿಯುಡುಪಿನೊಳಗಿನ ನಗು ಮಾತ್ರ ಪೂರ್ತಿ ಹೊರಬರಲಾಗದೆ ಬಿಕ್ಕಳಿಕೆಯಾಯಿತು.

ಮರುದಿನ ಸಂಜೆ ಮೇಕಪ್ ಕೋಣೆಯಲ್ಲಿ ವಾರ್ತಕ್ಕ ಕನ್ನಡಿಯ ಮುಂದೆ ಕೂತು, ಏಳು ಮುಖ್ಯಾಂಶಗಳ ಹಾಳೆ ಹಿಡಿದು ಪಿಸುಗುಡುತ್ತಿದ್ದಳು. ಐದನೆಯದಕ್ಕೇ ನಿಲ್ಲುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಹೊಸ ಹುಡುಗಿ, ಮೇಕಪ್ ಮುಗಿಸಿಕೊಂಡು, ಬೇಕಾದರೆ ಇರಲಿ ಎಂದು ಕೂತಿದ್ದಳು.

“ಅಕ್ಕ, ನಾನು ಚಿಕ್ಕವಳಿದ್ದಾಗ ನಿಮ್ಮ ಜೊತೆ ಪಂದ್ಯ ಕಟ್ತಿದ್ದೆ,” ಎಂದಳು. “ಈಗಲೂ ನಾಲ್ಕಕ್ಕೆ ಔಟ್. ದಯವಿಟ್ಟು ನೀವೇ ಓದಿ.”

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಸೌಂಡಿನವನು ಒಳಗೆ ಬರದೆ ಹೊಸ್ತಿಲಲ್ಲೇ ನಿಂತ. ಅವಳ ಮುಖ ನೋಡದೆ, ಬಾಗಿಲಿನ ಚಿಲಕ ನೋಡುತ್ತ ಹೇಳಿದ.

“ಅಕ್ಕ, ನಿನ್ನೆ ರೆಕಾರ್ಡಿಂಗ್ ಮತ್ತೆ ಕೇಳಿದೆ. ಕುರ್ಚಿ ಅಲ್ಲ.”

“ಮತ್ತೇನು?”

“ನೀವು ಉಸಿರು ಎಳ್ಕೊಳ್ಳುವಾಗ ಮಾತ್ರ ಕಿರ್ ಅನ್ನುತ್ತೆ. ಕುರ್ಚಿ ಉಸಿರಾಡಲ್ಲ.” ಹೇಳಿದ್ದೇ ತಡ, ತಪ್ಪು ಮಾಡಿದವನಂತೆ ಹೊರಟುಹೋದ.

ಮೇಕಪ್ ಮಾಡುವವಳು ಕೈಯಲ್ಲಿ ಬ್ರಶ್ ಹಿಡಿದು ನಿಂತಳು. ಹೊಸ ಹುಡುಗಿ ತುಟಿ ಕಚ್ಚಿಕೊಂಡಳು. ವಾರ್ತಕ್ಕ ಪಕ್ಕೆಯ ಮೇಲೆ ಕೈಯಿಟ್ಟು ಮೆಲ್ಲಗೆ ಉಸಿರೆಳೆದಳು. ಅಂಗೈ ಕೆಳಗೆ ಪ್ಲಾಸ್ಟಿಕ್ ಪಟ್ಟಿ ಕಿರ್ ಎಂದಿತು. ಉಸಿರು ಎದೆಯವರೆಗೆ ಬಂದು, ಬೀಗ ಹಾಕಿದ ಮನೆಗೆ ಬಂದ ನೆಂಟನ ಹಾಗೆ ಅಲ್ಲಿಂದಲೇ ವಾಪಸು ಹೋಯಿತು. ಅವಳಿಗೆ ತಟ್ಟನೆ ಅರ್ಥವಾಯಿತು. ಇಷ್ಟು ವರ್ಷ ಮರದ ಮೇಜಿನ ಹಿಂದೆ, ಯಾರ ಕಣ್ಣಿಗೂ ಬೀಳದೆ, ಮೊದಲ ಮುಖ್ಯಾಂಶಕ್ಕೆ ಮುಂಚೆ ಅವಳ ಹೊಟ್ಟೆ ಕಮ್ಮಾರನ ತಿದಿಯಂತೆ ಅರಳುತ್ತಿತ್ತು. ಏಳು ಸುದ್ದಿಗೆ ಬೇಕಾದ ಗಾಳಿ ನಿಲ್ಲುತ್ತಿದ್ದುದು ಅಲ್ಲಿ. ಅವಳು ಅದುಮಿಟ್ಟದ್ದು ತನ್ನ ಉಗ್ರಾಣವನ್ನೇ. ತೂಕಕ್ಕೂ ಆ ಸೇತುವೆಗೂ ಸಂಬಂಧವೇ ಇರಲಿಲ್ಲ.

“ಬಿಚ್ಚೇ,” ಎಂದಳು ಮೇಕಪ್‌ನವಳಿಗೆ.

“ಈಗಲಾ? ಕೋಟಿನ ಗುಂಡಿ ಹಾಕೋಕಾಗಲ್ಲ ಅಕ್ಕ!”

“ಗುಂಡಿ ವಾರ್ತೆ ಓದುತ್ತಾ?”

ಇಬ್ಬರು ಸೇರಿ ಕೊಕ್ಕೆ ಬಿಡಿಸಿದರು. ಕೊನೆಯ ಕೊಕ್ಕೆ ಕಳಚಿದಾಗ ವಾರ್ತಕ್ಕನ ಬಾಯಿಂದ ಬಂದ ‘ಉಸ್ಸಪ್ಪಾ’ ಕೇಳಿ ಹೊಸ ಹುಡುಗಿ ಬಿದ್ದೂ ಬಿದ್ದೂ ನಕ್ಕಳು. ಉಡುಪು ಕುರ್ಚಿಯ ಬೆನ್ನಿಗೆ ತೂಗಿತು, ಪೊರೆ ಬಿಟ್ಟ ಹಾವಿನ ಚರ್ಮದ ಹಾಗೆ. ವಾರ್ತಕ್ಕ ಕೋಟನ್ನು ತೆರೆದೇ ಹಾಕಿಕೊಂಡಳು. ಒಳಗಿನ ನೀಲಿ ಅಂಗಿ ಹೊಟ್ಟೆಯ ಮೇಲೆ ದುಂಡಗೆ ಕೂತಿತು.

ಗಾಜಿನ ಮೇಜಿನ ಹಿಂದೆ ಕೂತಾಗ ಮಾನಿಟರಿನಲ್ಲಿ ಎಲ್ಲವೂ ಕಂಡಿತು. ದೂರದ ನೆಂಟಳು ಹೋಗಿ ಅವಳೇ ಬಂದು ಕೂತಿದ್ದಳು. ಸಂಪಾದಕ ಕ್ಯಾಮೆರಾ ಪಕ್ಕ ನಿಂತು, ಕೋಟಿನ ಕಡೆ ನೋಡಿ, ಗುಂಡಿ ಹಾಕುವಂತೆ ಬೆರಳಿನಲ್ಲಿ ಸನ್ನೆ ಮಾಡಿದ. ಹಳೆಯ ಭಯ ಒಮ್ಮೆ ತಲೆಯೆತ್ತಿತು. ಹೊಟ್ಟೆ ತನ್ನಷ್ಟಕ್ಕೆ ತಾನೇ ಒಳಗೆ ಸರಿಯಿತು. ಪ್ರಸಾರ ಶುರುವೆಂದು ಹೇಳುವ ಕೆಂಪು ದೀಪ ಹೊತ್ತಿಕೊಳ್ಳುವುದಕ್ಕೆ ರೆಪ್ಪೆ ಬಡಿಯುವಷ್ಟು ಹೊತ್ತು ಇತ್ತು. ಅವಳು ಕಣ್ಣು ಸಂಪಾದಕನಿಂದ ಕಿತ್ತು ಕ್ಯಾಮೆರಾಕ್ಕೆ ನೆಟ್ಟಳು. ಆಮೇಲೆ ಇಡೀ ಊರು ನೋಡುತ್ತಿರುವಂತೆಯೇ ಹೊಟ್ಟೆಯನ್ನು ಸಡಿಲ ಬಿಟ್ಟಳು. ಅದು ಅರಳಿತು. ಉಸಿರು ಇಳಿಯಿತು, ಇನ್ನೂ ಇಳಿಯಿತು, ತನ್ನ ಹಳೆಯ ಜಾಗ ಹುಡುಕಿಕೊಂಡು ಹೋಗಿ ಕೂತಿತು.

“ನಮಸ್ಕಾರ. ಮುಖ್ಯಾಂಶಗಳು.”

ನೀರು ಪೂರೈಕೆ ಹೋಯಿತು, ಬಸ್ ದರ ಹೋಯಿತು, ಮುಂದೂಡಿದ ಪರೀಕ್ಷೆ, ಆಸ್ಪತ್ರೆಯ ಹೊಸ ಕಟ್ಟಡ. ಐದನೆಯದು ನಿನ್ನೆಯ ಅದೇ ಸೇತುವೆ; ಅದನ್ನು ನಡೆದಾಡುವವಳ ಹಾಗೆ ದಾಟಿದಳು. ಆರು. ಏಳು. ‘ಈಗ ವಿವರಗಳು’ ಎಂದು ಹೇಳಿದ ಮೇಲೂ ಒಳಗೆ ಗಾಳಿ ಉಳಿದಿತ್ತು. ಕಿಂಡಿಯ ಆಚೆ ಸೌಂಡಿನವನು ಒಂದು ಕಿವಿಯಿಂದ ಹೆಡ್‌ಫೋನ್ ಸರಿಸಿ, ಹೆಬ್ಬೆರಳು ಎತ್ತಿದ.

ವಾರ್ತೆ ಮುಗಿಯುವ ಹೊತ್ತಿಗೆ ಫೋನುಗಳು ಬರುತ್ತಿದ್ದವು. ‘ವಾರ್ತಕ್ಕನಿಗೆ ಕಾಲಿದೆ ಅಂತ ಇವತ್ತು ಗೊತ್ತಾಯ್ತು’ ಎಂದರು ಮುದುಕರೊಬ್ಬರು. ‘ಇಷ್ಟು ದಪ್ಪ ಇದ್ದಾಳಾ, ಛೆ’ ಎಂದು ಕೆಲವರು ಬರೆದಿದ್ದರು. ಅದನ್ನೂ ಅವಳು ಓದಿದಳು, ಮೂಗು ಮುರಿಯುವವರ ಮೂಗು ಅವರದೇ ಎಂದುಕೊಂಡು ಫೋನನ್ನು ಬ್ಯಾಗಿಗೆ ಹಾಕಿದಳು. ಅದು ಚುಚ್ಚಲಿಲ್ಲ ಎಂದಲ್ಲ. ಚುಚ್ಚಿದ್ದು ಆಳಕ್ಕೆ ಇಳಿಯಲಿಲ್ಲ.

ಸಂಪಾದಕ ಮೆಟ್ಟಿಲ ಬಳಿ ಸಿಕ್ಕ. “ಕೋಟಿನ ಗುಂಡಿ ಹಾಕ್ಕೋಬಹುದಿತ್ತು ಮೇಡಂ.”

“ಉಸಿರಾಡಬೇಕಿತ್ತು ಸರ್.”

“ನಾಳೇನೂ ನೀವೇ,” ಎಂದ. ಮತ್ತೆ, “ಆ ಭಾನುವಾರದ್ದು…”

“ಭಾನುವಾರ ನನಗೆ ರಜ,” ಎಂದಳು ವಾರ್ತಕ್ಕ.

ಮನೆಯ ಬಾಗಿಲು ತೆಗೆದದ್ದು ಮಗಳು. “ಅಮ್ಮ, ಅಜ್ಜಿ ಮೋಸ! ಬಾಯಿ ಮುಚ್ಕೊಂಡು ಮೂಗಲ್ಲಿ ಉಸಿರಾಡಿ, ಏಳು ಮುಟ್ಟಿದೆ ಅಂತಾಳೆ. ನಾನು ಐದಕ್ಕೇ ಔಟ್.”

“ಹೊಟ್ಟೆ ಎಲ್ಲಿತ್ತು?” ಎಂದು ಕೇಳಿದಳು ವಾರ್ತಕ್ಕ, ಬೂಟು ಬಿಚ್ಚುತ್ತ.

“ಎಲ್ಲಿ ಅಂದ್ರೆ? ಒಳಗೆ.”

“ಬಾ ಇಲ್ಲಿ.” ಮಗಳ ಕೈಯನ್ನು ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡು ಉಸಿರೆಳೆದಳು. ಹುಡುಗಿಯ ಅಂಗೈ ಮೇಲೆದ್ದು ಮುಂದಕ್ಕೆ ಹೋಯಿತು. “ಅಯ್ಯೋ, ಎಷ್ಟು ದೊಡ್ಡದಾಗುತ್ತೆ!” ಎಂದು ಅವಳು ಕಣ್ಣರಳಿಸಿದಳು.

“ಏಳು ಸುದ್ದಿ ಹಿಡಿಸ್ಬೇಕಲ್ಲ. ಈಗ ನೀನು. ಬಿಡು. ಇನ್ನೂ ಬಿಡು, ಯಾರೂ ಫೋಟೋ ತೆಗೀತಿಲ್ಲ.”

ಮಗಳು ಹೊಟ್ಟೆ ಬಿಟ್ಟಳು. ಸ್ವಲ್ಪ ನಾಚಿಕೊಂಡಳು, ಮತ್ತೂ ಸ್ವಲ್ಪ ಬಿಟ್ಟಳು. ಅಡುಗೆಮನೆಯಿಂದ ಅಜ್ಜಿ, ಪಾತ್ರೆಯೊಂದನ್ನು ಸೌಟಿನಿಂದ ತಟ್ಟಿ, “ಶುರು ಮಾಡೇ ಪುಟ್ಟೀ, ಮೊದಲ ಸುದ್ದಿ! ಬೇಗ ಓದು, ಊಟ ಆರ್ತಿದೆ,” ಎಂದು ಕೂಗಿದಳು.