ಇಪ್ಪತ್ತು ಮತದ ಕೈ

ಹೊಸ ಕಾರ್ಡು, ಅಂಚು ಇನ್ನೂ ಚೂಪಾಗಿದೆ, ಹೆಬ್ಬೆರಳಿನ ಹಳೆಯ ಬಿರುಕಿಗೆ ತಾಗಿ ಚುರ್ರೆನ್ನುತ್ತದೆ, ಹಳದಿ ಬಣ್ಣ, ನಡುವೆ ಸದಸ್ಯ ಸಂಖ್ಯೆ, ದಪ್ಪಕ್ಕೆ ಒಂದು ಎಂದು ಅಚ್ಚಾಗಿದೆ, ಕೆಳಗೆ ಅವಳ ಹೆಸರು, ಇಡಾಲೀನಾ — ಯಾರಿಗೆ ಬೇಕಾಗಿತ್ತು ಈ ಒಂದು, ಹೋದ ವಾರದವರೆಗೆ ಅವಳು ಎರಡು, ಎರಡಾಗಿಯೇ ಸಾಯುವುದಕ್ಕೆ ತಯಾರಾಗಿದ್ದಳು, ಒಂದು ಎಂಬುದು ಎರ್ಮೆಲಿಂದುವಿನದು, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದ ಎರ್ಮೆಲಿಂದುವಿನದು, ಮಂಗಳವಾರ ಅವನನ್ನು ಮಣ್ಣು ಮಾಡಿದರು, ಗುರುವಾರ ಕ್ಲಬ್ಬಿನವರು ಸದಸ್ಯರ ಪಟ್ಟಿ ತಿದ್ದಿದರು, ಸತ್ತವರ ಹೆಸರು ಹೊಡೆದುಹಾಕಿ ಉಳಿದವರನ್ನೆಲ್ಲ ಒಂದೊಂದು ಮೆಟ್ಟಿಲು ಮೇಲಕ್ಕೆ ಹತ್ತಿಸುವುದು ವಾಲ್ದಮೇಲ್ ಯೂನಿಯನ್ ಫುಟ್‌ಬಾಲ್ ಕ್ಲಬ್ಬಿನ ಪದ್ಧತಿ, ಒಬ್ಬನ ಹೆಣ ಇನ್ನೊಬ್ಬನ ಬಡ್ತಿ, ಥೂ, ಬಾಗಿಲಲ್ಲಿ ಕಾರ್ಡು ಕೈಗಿಟ್ಟ ಹುಡುಗಿ ಅಭಿನಂದನೆ ಕಣಜ್ಜಿ ಅಂತ ಬೇರೆ ಹೇಳಿದಳು, ಅಭಿನಂದನೆಯಂತೆ. ಮೂರಕ್ಕೆ ಸಭೆ ಎಂದು ಕರೆ, ಮೂರಕ್ಕೆ ಯಾರೂ ಬರುವುದಿಲ್ಲವೆಂದು ಊರಿಗೇ ಗೊತ್ತು, ಅರ್ಧ ಗಂಟೆ ಕಾದು ಬಂದಷ್ಟು ಜನರಲ್ಲೇ ಶುರು ಮಾಡಬಹುದೆಂದು ನಿಯಮವೇ ಇದೆ, ಈಗ ಮೂರೂವರೆ, ಬಂದವರು ಮೂವತ್ತೊಂದು ಜನ, ಅದರಲ್ಲಿ ಅರ್ಧದಷ್ಟು ಮಂದಿಗೆ ಕಿವಿ ಕೇಳುವುದಿಲ್ಲ, ಹಿಂದಿನ ಸಾಲಿನಲ್ಲಿ ಯಾರೋ ಉಪ್ಪುನೀರಿನಲ್ಲಿ ನೆನೆಸಿದ ಕಾಳು ಬಾಯಿಗೆಸೆದುಕೊಂಡು ಸಿಪ್ಪೆ ನೆಲಕ್ಕೆ ಉಗಿಯುತ್ತಿದ್ದಾನೆ, ಕ್ಲಬ್ಬು ಸಾಯುವ ದಿನವೂ ಇವರಿಗೆ ಕಾಳು ಬೇಕು, ಮೇಜಿನ ಹಿಂದೆ ಅಧ್ಯಕ್ಷ ಗಾಸ್ಪಾರ್, ಅವಳ ತಮ್ಮನ ಮಗ, ಕಪ್ಪು ಕೋಟು ಹಾಕಿದ್ದಾನೆ, ಮಂಗಳವಾರ ಶವಯಾತ್ರೆಗೆ ಹಾಕಿದ್ದ ಕೋಟು ಅದೇ, ಇವತ್ತಿಗೂ ಅದೇ ಸರಿ ಅನ್ನಿಸಿರಬೇಕು, ಒಂದೇ ಒಂದು ವಿಷಯ ಇವತ್ತು, ಕ್ಲಬ್ಬು ಮುಚ್ಚುವುದೋ ಬೇಡವೋ, ಒಳಗೆ ಬರುವಾಗಲೇ ಬಾಗಿಲ ಹತ್ತಿರ ಅವಳ ಭುಜ ಹಿಡಿದು ಹೇಳಿದ್ದ, ಅತ್ತೆ, ಈಗ ನೀವೇ ನಂಬರ್ ಒಂದು, ನೀವು ಕೈ ಎತ್ತಿದ್ರೆ ಹಿಂದಿನ ಸಾಲೆಲ್ಲಾ ಎತ್ತುತ್ತೆ, ಮರ್ಯಾದೆಯಾಗಿ ಮುಚ್ಚಿಬಿಡೋಣ — ಆರು ವರ್ಷದ ಹಿಂದೆಯೂ ನೀವು ಕೈ ಎತ್ತಿದ್ರೆ ಎಂಬ ಇದೇ ಮಾತು, ಇದೇ ಭುಜ, ಇದೇ ಬಾಗಿಲು, ಆವತ್ತು ಕೋಟು ಮಾತ್ರ ಬೂದು ಬಣ್ಣದ್ದು, ಮತ್ತೆ ಆವತ್ತು ಅವಳ ಕೈ ಮೇಲಕ್ಕೆ ಹೋಗಿತ್ತು.

ಹೋಗಿತ್ತು, ಹೋಗಿತ್ತು, ಬೇಡ, ಅದು ಈಗ ಬೇಡ, ಗೋಡೆ ನೋಡು, ಗೋಡೆಯ ಮೇಲೆ ಅಪ್ಪ, ಉಣ್ಣೆ ಗಿರಣಿಯ ನೇಕಾರ ಅಲೀಪಿಯು, ಮೊದಲ ತಂಡದ ಫೋಟೋದಲ್ಲಿ ಎಡಗಡೆ ಕೊನೆಯವನು, ಆಡಿದವನಲ್ಲ, ಚೆಂಡು ಹೊತ್ತವನು, ಅವಳು ಹುಟ್ಟಿದ ದಿನ ಬೆಳಿಗ್ಗೆ ನೆಟ್ಟಗೆ ಕ್ಲಬ್ಬಿಗೆ ಬಂದು ಮಗಳ ಹೆಸರು ಬರೆಸಿ, ಸರ್ಕಾರಿ ಕಚೇರಿಗೆ ಮಧ್ಯಾಹ್ನ ಹೋದವನು, ಹಾಗಾಗಿ ನಮ್ಮ ಇಡಾಲೀನಾ ಪೋರ್ಚುಗಲ್ಲಿಗಿಂತ ಅರ್ಧ ದಿನ ಮೊದಲು ಕ್ಲಬ್ಬಿಗೆ ಹುಟ್ಟಿದ್ದಾಳೆ ಅಂತ ಗಿರಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದವನು, ಅಮ್ಮ ಬಾಣಂತಿ ಮಂಚದಲ್ಲಿ ಕೂತು ಬೈದಳಂತೆ, ಮಗೂಗೊಂದು ಉಣ್ಣೆ ಟೋಪಿ ತರೋ ಅಂದ್ರೆ ಚೀಟಿ ತಂದೆಯಲ್ಲೋ ಅಂತ. ಆ ಚೀಟಿಯಿಂದಲೇ ಈ ಗ್ರಹಚಾರ, ಇಲ್ಲಿ ತಲೆಗೊಂದು ಮತವಲ್ಲ, ವರ್ಷಕ್ಕೆ ತಕ್ಕಂತೆ ಮತ, ನಿನ್ನೆ ಸೇರಿದವನಿಗೆ ಒಂದು, ಹತ್ತು ವರ್ಷದವನಿಗೆ ಐದು, ಐವತ್ತು ದಾಟಿದವರಿಗೆ ಇಪ್ಪತ್ತು, ಹಳದಿ ಕಾರ್ಡು, ಒಂದು ಕೈ ಎತ್ತಿದರೆ ಇಪ್ಪತ್ತು ಕೈ ಎತ್ತಿದ ಹಾಗೆ, ಕ್ಲಬ್ಬನ್ನು ಪ್ರೀತಿಸಿದವರ ಮಾತಿಗೆ ತೂಕ ಇರಬೇಕೆಂದು ಹಿರಿಯರು ಮಾಡಿದ ನಿಯಮ, ತೂಕ ಇರುವ ಕೈ ಎಲ್ಲಿ ಬೀಳುತ್ತದೆಂದು ಹಿರಿಯರು ಯೋಚಿಸಿರಲಿಲ್ಲ. ಅಪ್ಪ ನೋಡಲಿಲ್ಲ, ಒಳ್ಳೆಯದನ್ನೂ ನೋಡಲಿಲ್ಲ, ಕೆಟ್ಟದ್ದನ್ನೂ ನೋಡಲಿಲ್ಲ, ಜಿಲ್ಲೆಯ ಕೊನೆಯ ದರ್ಜೆಯಲ್ಲಿ ಕುರಿ ಮೇಯುವ ಮೈದಾನದಲ್ಲಿ ಆಡುತ್ತಿದ್ದ ತಂಡ ಒಂದೊಂದೇ ದರ್ಜೆ ಹತ್ತಿ ಹತ್ತಿ, ರಾಷ್ಟ್ರೀಯ ಕಪ್ ಪಂದ್ಯಕ್ಕೆ ಲಿಸ್ಬನ್ನಿನ ದೊಡ್ಡ ತಂಡದವರು ಗಾಜಿನ ಬಸ್ಸಿನಲ್ಲಿ ಇಲ್ಲಿಗೇ ಬಂದರಲ್ಲ, ಆ ಫೆಬ್ರವರಿ, ಆ ಕೆಸರು, ಗಿರಣಿಯಲ್ಲಿ ಬಣ್ಣ ಹಾಕುತ್ತಿದ್ದ ಝೆಫೆರೀನು, ಮೊಣಕೈವರೆಗೆ ನೀಲಿ ಹತ್ತಿದ ಕೈಗಳ ಝೆಫೆರೀನು, ಎಂಬತ್ತೆಂಟನೇ ನಿಮಿಷದಲ್ಲಿ ಅಷ್ಟೆತ್ತರ ಹಾರಿ ಹಣೆಯಿಂದ ಗುದ್ದಿದ, ಚೆಂಡು ಬಲೆಯೊಳಗೆ, ಅವನು ಗೋಲಿನ ಕೆಸರಿನೊಳಗೆ, ಎರ್ಮೆಲಿಂದು ಸುಣ್ಣದ ಬಕೆಟ್ಟನ್ನು ತಲೆಗೆ ಹಾಕಿಕೊಂಡು ಕುಣಿದ, ಅವಳು ಮರುದಿನ ಹನ್ನೊಂದು ಜೆರ್ಸಿಯನ್ನೂ ಕಲ್ಲಿನ ತೊಟ್ಟಿಯಲ್ಲಿ ಉಜ್ಜಿ ಒಗೆದು ಗೋಲಿನ ಹಿಂದಿನ ತಂತಿಗೆ ಹರವಿದಳು, ದ್ರಾಕ್ಷಾರಸದ ಕೆಂಪು ಫಳಫಳ, ಊರಿಗೆ ಊರೇ ಬಂದು ಬೈದಿತು, ಆ ಕೆಸರನ್ನ ಯಾಕೆ ತೊಳೆದೆ ಮಾರಾಯ್ತಿ, ಗಾಜಿನ ಪೆಟ್ಟಿಗೇಲಿ ಇಡಬೇಕಿತ್ತಲ್ಲೇ ಅದನ್ನ, ಅವಳು ಹೇಳಿದಳು, ಭಾನುವಾರ ಮತ್ತೆ ಆಡ್ಬೇಕಲ್ಲ, ಅವರಿಗೆ ಬರಿಮೈಯಲ್ಲಿ ಆಡೋಕೆ ಹೇಳ್ಲಾ. ಆಡಿದರು, ಗೆದ್ದರು, ಎರಡು ವರ್ಷ ದೇಶದ ಮೊದಲ ದರ್ಜೆಯಲ್ಲಿ ಆಡಿದರು, ಪತ್ರಿಕೆಯಲ್ಲಿ ವಾಲ್ದಮೇಲ್ ಅಂತ ಹೆಸರು ಬರುತ್ತಿತ್ತು, ಅದುವರೆಗೆ ವಾಲ್ದಮೇಲ್ ಎಂದರೆ ಪೋಸ್ಟ್‌ಮ್ಯಾನ್ ಕೂಡ ಇನ್ನೊಂದು ಸಲ ಹೇಳಿ ಅನ್ನುತ್ತಿದ್ದ.

ಗಾಸ್ಪಾರ್ ಮಾತಾಡುತ್ತಿದ್ದಾನೆ, ವಾಸ್ತವ ಒಪ್ಪಿಕೊಳ್ಳಬೇಕು, ಮೈದಾನ ಇಲ್ಲ, ಆಟಗಾರರಿಲ್ಲ, ಭಾವನೆಗೆ ಜಾಗ ಕೊಡಬಾರದು — ಭಾವನೆಯಂತೆ, ಇವನ ಮೂತಿಗೆ, ಚಿಕ್ಕಂದಿನಲ್ಲಿ ಇವನ ಮೂಗಿನ ಸಿಂಬಳವನ್ನೂ ಅಂಗಿತೋಳಿಗೆ ಹತ್ತಿದ ಚೆಂಡಿನ ಕೆಸರನ್ನೂ ಒಂದೇ ಸೋಪಿನಲ್ಲಿ ತೊಳೆದವಳು ಅವಳು, ಇವನೇ ಅಲ್ಲವೇ ಕರೆತಂದದ್ದು ಆ ಬಂಡವಾಳದವನನ್ನು, ಬಿಳಿ ಶೂಸಿನವನು, ಕೆಸರಿಗೆ ಕಾಲಿಡಲು ಹೆದರುತ್ತಿದ್ದವನು, ತಂಡವನ್ನು ನನ್ನ ಕಂಪನಿಗೆ ಕೊಡಿ, ಕ್ಲಬ್ಬು ನಿಮ್ಮದೇ, ಹೆಸರು ನಿಮ್ಮದೇ, ನಾನು ಬರೀ ನಡೆಸ್ತೀನಿ ಅಂತ, ನೀಟಾಗಿ ಹೇಳಿದ, ಎಲ್ಲ ಕಡೆ ಕಣ್ಣಾಡಿಸಿದ, ಗಾಸ್ಪಾರ್ ಅವನನ್ನು ಒಗೆಯುವ ಕೋಣೆಗೂ ಕರೆದುಕೊಂಡು ಬಂದ, ಜನವರಿ, ತೊಟ್ಟಿಯ ನೀರಿನ ಮೇಲೆ ಬೆಳಗ್ಗೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು, ಬ್ರಷ್ಷಿನ ಹಿಡಿಕೆಯಿಂದ ಒಡೆದು ಕೈ ಹಾಕಿದ್ದಳು, ಬೆರಳೆಲ್ಲ ಬಿರಿದು ರಕ್ತ, ಬಿಳಿ ಶೂಸಿನವನು ನೋಡಿದ, ಅಯ್ಯೋ ಅಮ್ಮ ಅಂದ, ಮೊದಲ ವಾರವೇ ಇಲ್ಲಿಗೊಂದು ದೊಡ್ಡ ಮೆಷಿನ್ನು, ಬಿಸಿನೀರು ಅದರೊಳಗೇ ಬರುತ್ತೆ, ನೀವು ಬರೀ ಗುಂಡಿ ಒತ್ತಿದರಾಯಿತು ಅಂದ, ಬೇರೆ ಯಾರೂ ನಲವತ್ತು ವರ್ಷದಲ್ಲಿ ಆ ಕೈಯನ್ನು ನೋಡಿ ಅಯ್ಯೋ ಅಂದಿರಲಿಲ್ಲ, ಅದೇ ತಪ್ಪಾಯಿತು, ಅಯ್ಯೋ ಅಂದವನು ಒಬ್ಬ ಕಳ್ಳ, ಗೆಳೆಯರ್ಯಾರೂ ಅನ್ನಲಿಲ್ಲ. ಸಭೆ ಇದೇ ಕೋಣೆಯಲ್ಲಿ, ಆವತ್ತು ನಿಲ್ಲಲೂ ಜಾಗವಿಲ್ಲ, ಮೆಟ್ಟಿಲವರೆಗೆ ಜನ, ಪರವಾಗಿರೋರು ಕೈ ಎತ್ತಿ ಎಂದು ಗಾಸ್ಪಾರ್ ಕೂಗಿದ, ಅವಳಿಗೆ ಕಂಡದ್ದು ಕಂಪನಿಯಲ್ಲ, ಕಾಗದವಲ್ಲ, ಆವಿಯಾಡುವ ನೀರು, ಮೊಣಕೈವರೆಗೆ ಬಿಸಿ, ಕೈ ತಾನೇ ಎದ್ದಿತು, ಬಿರಿದ ಬೆರಳುಗಳ ನಡುವೆ ಹಳದಿ ಕಾರ್ಡು, ಹಿಂದಿನ ಸಾಲುಗಳಲ್ಲಿ ಟಪಟಪನೆ ಕಾರ್ಡುಗಳು ಎದ್ದವು, ಪಕ್ಕದ ಕುರ್ಚಿಯಲ್ಲಿ ಎರ್ಮೆಲಿಂದು ಸುಣ್ಣ ಹತ್ತಿದ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ, ಪರ ನಾನೂರ ಹನ್ನೆರಡು, ವಿರೋಧ ನಾನೂರ ಒಂದು, ಹನ್ನೊಂದರ ಅಂತರ, ಅವಳದು ಇಪ್ಪತ್ತು, ಲೆಕ್ಕ ಮಾಡಲು ಗಿರಣಿಯ ಗುಮಾಸ್ತ ಬೇಕಿಲ್ಲ, ಹಿಂದಿನ ಸಾಲು ಬಿಡು, ಅವಳದೊಂದೇ ಸಾಕಿತ್ತು, ಆ ಲೆಕ್ಕವನ್ನು ಯಾರೂ ಅವಳೆದುರು ಬಾಯಿಬಿಟ್ಟು ಹೇಳಲಿಲ್ಲ, ಆರು ವರ್ಷ, ರೊಟ್ಟಿ ಅಂಗಡಿಯಲ್ಲಿ, ಇಗರ್ಜಿಯಲ್ಲಿ, ಎಲ್ಲರೂ ಗೊತ್ತಿಲ್ಲದ ಹಾಗೆ ನಕ್ಕರು, ಎರ್ಮೆಲಿಂದು ಒಬ್ಬನೇ, ಮೆಷಿನ್ನು ಬಂದ ದಿನ ಬಾಗಿಲಲ್ಲಿ ನಿಂತ, ಟೋಪಿ ತೆಗೆದ, ನೀರು ಬಿಸಿ ಇದೆಯೇನೇ ಇಡಾಲೀನಾ, ಅಂದ, ಅಷ್ಟೇ, ಆಮೇಲೆ ಸಾಯುವವರೆಗೆ ಅವಳ ಜೊತೆ ಒಂದು ಮಾತಿಲ್ಲ.

ಇತ್ತು, ಬಿಸಿ ಇತ್ತು, ಏನೀಗ, ಒಂದೂವರೆ ವರ್ಷ ಬಿಸಿ ಇತ್ತು, ಬೆರಳು ಮಾಗಿದ್ದವು, ಉಂಗುರ ಹಾಕಿಕೊಂಡಿದ್ದಳು, ಆಮೇಲೆ ಜೆರ್ಸಿಯ ಬಣ್ಣ ಬದಲಾಯಿತು, ಕೆಂಪು ಟೀವಿಯಲ್ಲಿ ಚೆನ್ನಾಗಿ ಕಾಣಲ್ವಂತೆ, ಆಮೇಲೆ ಆಟಗಾರರು ಬದಲಾದರು, ಹೆಸರು ಕೇಳುವಷ್ಟರಲ್ಲಿ ಹೋಗಿರುತ್ತಿದ್ದರು, ಪಾಪ ಹುಡುಗರು, ಅವರ ತಪ್ಪಲ್ಲ, ಆಮೇಲೆ ಒಂದು ಜುಲೈಯಲ್ಲಿ ಲಾರಿ ಬಂತು, ತಂಡ ಇನ್ನು ಮೇಲೆ ಸಮುದ್ರದ ಕಡೆಯ ಊರಿನಲ್ಲಿ ಆಡುತ್ತೆ, ಅಲ್ಲಿ ಹೋಟೆಲಿದೆ, ಜನ ಇದ್ದಾರೆ, ಆ ದರ್ಜೆಯಲ್ಲಿ ಆಡೋ ಹಕ್ಕು ಕಂಪನಿಯದು, ಕ್ಲಬ್ಬಿನದಲ್ಲ, ಸಹಿ ಮಾಡುವಾಗ ಓದಿಲ್ವೇ ಅಂದರು ಕಂಪನಿಯವರು, ಓದಿಲ್ಲ ಕಣೋ, ಗಾಸ್ಪಾರೂ ಓದಿರಲಿಲ್ಲ, ಓದದೆ ಇಡೀ ಊರನ್ನು ಬರೆದುಕೊಟ್ಟಿದ್ದ, ಮೈದಾನದ ಗೇಟಿಗೆ ಕಂಪನಿಯ ಬೀಗ, ಎರ್ಮೆಲಿಂದು ಬೇಲಿಯ ಹೊರಗಿನಿಂದ ನೋಡುತ್ತಾ ನಿಲ್ಲುತ್ತಿದ್ದ, ಸುಣ್ಣದ ಗೆರೆ ಹುಲ್ಲಿನೊಳಗೆ ಮುಚ್ಚಿಹೋಗುವುದನ್ನು, ಮತ್ತೆ ಲಾರಿಯವರು ಕೊನೆಯಲ್ಲಿ ಮೆಷಿನ್ನನ್ನೂ ಹೊತ್ತುಕೊಂಡು ಹೋದರು, ಅದೂ ಕಂಪನಿಯದು, ನಲ್ಲಿಯಿಂದ ಕೊಳವೆ ಕಿತ್ತರು, ನೆಲದ ಮೇಲೆ ನೀರು, ಇನ್ನೂ ಉಗುರುಬೆಚ್ಚಗಿತ್ತು, ಅವಳು ಅದರಲ್ಲಿ ನಿಂತಿದ್ದಳು, ಯಾರನ್ನು ಬೈಯಬೇಕಿತ್ತು, ಲಾರಿ ಡ್ರೈವರನನ್ನೇ, ಬೈದಳು, ಬಿಳಿ ಶೂಸಿನವನಿಗೆ ಕುಷ್ಠ ಬರಲಿ ಅಂದಳು, ಗಾಸ್ಪಾರನ ಮನೆಗೆ ಎರಡು ಈಸ್ಟರ್ ಹೋಗಲಿಲ್ಲ, ಊರನ್ನು ಬೈದಳು, ಮೊದಲ ತಿಂಗಳು ಪಂದ್ಯ ನೋಡಲು ಬಸ್ಸು ಮಾಡಿಕೊಂಡು ಸಮುದ್ರದ ಊರಿಗೆ ಹೋದ ನಾಲ್ಕು ಜನರನ್ನು ಮುಖದ ಮೇಲೇ ಬೈದಳು, ಯಾರನ್ನು ಬೈದರೂ ಕೊನೆಗೆ ಅದೇ, ಕಣ್ಣು ಮುಚ್ಚಿದರೆ ಅದೇ, ಈ ಕೋಣೆ, ಬಿರಿದ ಬೆರಳು, ಹಳದಿ ಕಾರ್ಡು, ಮೇಲೆದ್ದ ಕೈ, ಮೆಷಿನ್ನಿಗಾಗಿ, ದೇವರೇ, ಒಂದು ಬಟ್ಟೆ ಒಗೆಯುವ ಮೆಷಿನ್ನಿಗಾಗಿ. ಎರ್ಮೆಲಿಂದುವಿಗೆ ಹೇಳಬೇಕಿತ್ತು, ಹೌದು ಕಣೋ ನಾನೇ ಅಂತ, ಬೇಲಿಯ ಹತ್ತಿರ ಪಕ್ಕದಲ್ಲಿ ಹೋಗಿ ನಿಂತು ಹೇಳಬೇಕಿತ್ತು, ಎಷ್ಟು ಸಲ ಅಲ್ಲಿವರೆಗೆ ನಡೆದು ತಿರುಗಿ ಬಂದಳು, ಅವನೂ ಎಂಥ ಹಠಮಾರಿ, ಒಂದು ಸಲ ತಿರುಗಿ ನೋಡಿದ್ದರೆ ಹೇಳಿಬಿಡುತ್ತಿದ್ದಳು, ನೋಡದೇ ಸತ್ತ, ನಂಬರನ್ನು ಮಾತ್ರ ಅವಳ ತಲೆಗೆ ಕಟ್ಟಿ ಹೋದ.

ಯಾರೋ ಎದ್ದು ನಿಂತರು, ಹೆಂಗಸು, ಝೆಫೆರೀನುವಿನ ಮಗಳು ಒಟೀಲಿಯಾ, ಅಗ್ನಿಶಾಮಕ ದಳದ ಅಂಗಿಯಲ್ಲೇ ಬಂದಿದ್ದಾಳೆ, ಅಪ್ಪನ ಹಾಗೆಯೇ ಹಣೆ ಮುಂದಕ್ಕೆ ಚಾಚಿ ಮಾತಾಡುತ್ತಾಳೆ, ಮುಚ್ಚೋದು ಬೇಡ, ನಮ್ಮ ಹತ್ರ ಹದಿನಾಲ್ಕು ಜನ ಇದ್ದಾರೆ, ಫೈರ್ ಸ್ಟೇಷನ್ನಿಂದ ಆರು, ಬೇಕರಿಯಿಂದ ಇಬ್ಬರು, ಮಿಕ್ಕವರು ಕಾಲೇಜಿನವರು, ಜಿಲ್ಲೆಯ ಕೊನೆ ದರ್ಜೆಯಿಂದ ಶುರು ಮಾಡೋಣ, ಪಕ್ಕದೂರಿನವರು ಶನಿವಾರ ಮೈದಾನ ಬಿಟ್ಟುಕೊಡ್ತಾರೆ, ನಮ್ಮಜ್ಜಂದಿರೂ ಅಲ್ಲಿಂದ್ಲೇ ಶುರು ಮಾಡಿದ್ದು. ಯಾರೋ ನಕ್ಕರು. ಗಾಸ್ಪಾರ್ ನಗಲಿಲ್ಲ, ದಣಿದಿದ್ದಾನೆ, ಅವನ ಕಣ್ಣಿನ ಕೆಳಗೆ ಚೀಲ ಬಂದಿದೆ, ಇವನಿಗೂ ರಾತ್ರಿ ನಿದ್ದೆಯಿಲ್ಲವೇನೋ, ಇರಬಾರದು ಬಿಡು, ಒಟೀಲಿಯಾ, ಜೆರ್ಸಿ ಎಲ್ಲಿದೆಯಮ್ಮ, ಎಲ್ಲಾ ಕಂಪನಿಯೋರು ತಗೊಂಡು ಹೋದ್ರು, ಎಂದ. ಎಲ್ಲಾ ಅಲ್ಲ ಕಣೋ ಪೆದ್ದ, ಇಡಾಲೀನಾಳ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ, ಲ್ಯಾವೆಂಡರ್ ಕಡ್ಡಿಗಳ ನಡುವೆ ಹನ್ನೊಂದು ಕೆಂಪು ಜೆರ್ಸಿ, ಬಣ್ಣ ಬದಲಾಯಿಸುವಾಗ ಕಸದ ಬುಟ್ಟಿಯಿಂದ ಎತ್ತಿಟ್ಟವು, ತೋಳಿಗೆ ತೇಪೆ ಹಾಕಿದರೆ ನಿಲ್ಲುತ್ತವೆ, ಇನ್ನು ಮೂರು ಹೊಲಿದುಕೊಳ್ಳಬಹುದು, ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಕಾಳು ಅಗಿಯುವವನ ದನಿ, ಜೆರ್ಸಿ ಸಿಕ್ಕಿತು ಅನ್ಕೊಳ್ಳಿ, ಕೆಸರಲ್ಲಿ ಹೊರಳಾಡಿ ಬಂದ ಮೇಲೆ ಒಗೆಯೋರು ಯಾರು, ಆ ಕಲ್ಲು ತೊಟ್ಟಿಗೆ ಜನವರಿಯಲ್ಲಿ ಕೈ ಹಾಕೋರು ಯಾರಿದ್ದಾರೆ ಹೇಳಿ. ಮತ್ತೆ ನಗು, ಈ ಸಲ ಹೆಚ್ಚು ಜನ, ನಗುತ್ತಾ ಯಾರೂ ಅವಳ ಕಡೆ ನೋಡಲಿಲ್ಲ, ಜಾಣರು, ಆರು ವರ್ಷ ಅಭ್ಯಾಸವಾಗಿದೆ ನೋಡದಿರುವುದು, ಎಪ್ಪತ್ತೊಂದು ವರ್ಷ ಅವಳಿಗೆ, ಗಂಟುಗಳೆಲ್ಲ ಊದಿವೆ, ಉಂಗುರ ತೆಗೆಯಲೂ ಬರುವುದಿಲ್ಲ, ಡಾಕ್ಟರು ತಣ್ಣೀರು ಮುಟ್ಟಬೇಡಿ ಎಂದಿದ್ದಾನೆ, ಪಕ್ಕದ ಕುರ್ಚಿ ಖಾಲಿ, ಅದರ ಅಂಚಿನಲ್ಲಿ ಸುಣ್ಣದ ಬಿಳಿ ಇನ್ನೂ ಹತ್ತಿಕೊಂಡಿದೆ, ನೀರು ಬಿಸಿ ಇದೆಯೇನೇ, ಇಲ್ಲ ಕಣೋ, ಇಲ್ಲ, ತಣ್ಣಗಿದೆ, ಮೊದಲಿದ್ದಷ್ಟೇ ತಣ್ಣಗಿದೆ, ನಾನು ಒಗೀತೀನಿ. ಅತ್ತೆ, ಗಾಸ್ಪಾರನ ದನಿ, ಅತ್ತೆ, ಇನ್ನೂ ಮತಕ್ಕೆ ಹಾಕಿಲ್ಲ, ಕೈ ಇಳಿಸಿ — ಯಾವ ಕೈ, ಆಗ ನೋಡಿದಳು, ನಗು ನಿಂತಿದೆ, ಮೂವತ್ತು ಜನ ಅವಳ ಕಡೆ ತಿರುಗಿದ್ದಾರೆ, ಆರು ವರ್ಷದಲ್ಲಿ ಮೊದಲ ಸಲ ನೆಟ್ಟಗೆ ಅವಳನ್ನೇ ನೋಡುತ್ತಿದ್ದಾರೆ, ಕೈ ಇಳಿಸಿ ಅತ್ತೆ, ಆಮೇಲೆ ಎತ್ತೀರಂತೆ, ಇಳಿಸುವುದಿಲ್ಲ, ಆವತ್ತು ಇಳಿಸಬೇಕಿತ್ತು, ಆವತ್ತು ನೀನು ಹೇಳಬೇಕಿತ್ತು ಇಳಿಸಿ ಅಂತ, ಇವತ್ತು ಎಣಿಸು, ಮುಚ್ಚಬಾರದು ಅನ್ನೋರ ಕಡೆಗೆ ಎಣಿಸು, ಬೇಗ ಎಣಿಸು, ಎರಡು ಸಲ ಎಣಿಸು, ಹೆಬ್ಬೆರಳಿನ ಬಿರುಕಿನಿಂದ ಕಾರ್ಡಿನ ಅಂಚಿಗೆ ರಕ್ತ ಹತ್ತಿದೆ, ಮೊಣಕೈ ಇಳಿಯುತ್ತಿಲ್ಲ, ಬಿರಿದ ಬೆರಳು, ಹಳದಿ ಕಾರ್ಡು, ಮೇಲೆದ್ದ ಕೈ.