ಪದವಿನ ಮನೆಗೆ ನಾಲ್ಕು ಬಾಗಿಲು

ಊರಿನ ಪದವಿನಲ್ಲಿ, ಗುಡ್ಡದ ಮೇಲಿನ ಹುಲ್ಲುಬಯಲಿನಲ್ಲಿ, ಅಝರ್ ಕಟ್ಟಿಸುತ್ತಿದ್ದ ಮನೆಗೆ ಇನ್ನೂ ತಾರಸಿ ಆಗಿರಲಿಲ್ಲ. ಅದಕ್ಕೆ ಬೆಂಕಿ ತಾಗದಿರಲು ಏನೇನು ಬೇಕೆಂಬುದು ಮಾತ್ರ ಅವನ ಹೆಂಡತಿ ಮುಫೀದಾಳಿಗೆ ಬಾಯಿಪಾಠವಾಗಿತ್ತು. ಕಳೆದ ಫೆಬ್ರವರಿಯಲ್ಲಿ ಯಾರೋ ಪುಣ್ಯಾತ್ಮ ಒಣಗಿದ ಮುಳಿಹುಲ್ಲಿಗೆ ಬೀಡಿ ಎಸೆದು, ಬೆಂಕಿ ಗುಡ್ಡ ಹತ್ತಿ ಬಂದು, ತಾರಸಿಗೆಂದು ತಂದಿಟ್ಟ ಸೆಂಟ್ರಿಂಗ್ ಹಲಗೆಗಳನ್ನೆಲ್ಲ ಬೂದಿ ಮಾಡಿತ್ತು. ಅಂದಿನಿಂದ ಗಂಡನಿಗೆ ಅದೇ ಗುಂಗು. ಮನೆಯ ಸುತ್ತ ಹತ್ತು ಮೀಟರ್ ಒಂದು ಕಡ್ಡಿ ಹುಲ್ಲೂ ಇರಕೂಡದು. ಗಾಳಿಕಂಡಿಗಳಿಗೆ ಕಿಡಿ ನುಗ್ಗದಂಥ ಸಣ್ಣ ಕಣ್ಣಿನ ಉಕ್ಕಿನ ಬಲೆ, ಬೆಂಕಿಗೆಂದೇ ಬೇರೆ ನೀರಿನ ಟ್ಯಾಂಕ್, ಹೊರಗೆ ಓಡಲು ನಾಲ್ಕು ದಿಕ್ಕಿಗೂ ಬಾಗಿಲು. ದೋಹಾದ ಕಂಪನಿಯೊಂದರಲ್ಲಿ ಕಟ್ಟಡಗಳ ಅಗ್ನಿಸುರಕ್ಷತೆಯ ನಕ್ಷೆ ಬರೆಯುವುದೇ ಅವನ ಕೆಲಸ, ಗೊತ್ತಿಲ್ಲದೆ ಹೇಳುವವನಲ್ಲ. ಶುಕ್ರವಾರ ಜುಮಾ ನಮಾಝು ಮುಗಿಸಿ ಬಂದರೆ ಊಟಕ್ಕೂ ಕೂರದೆ ಮೇಸ್ತ್ರಿ ತುಕ್ರನಿಗೆ ವೀಡಿಯೊ ಕಾಲ್ ಮಾಡಿ, ಹುಲ್ಲು ಕೀಳಿಸಿದ್ದನ್ನು ಸುತ್ತು ಬಂದು ತೋರಿಸು ಎನ್ನುತ್ತಿದ್ದ.

ಇಲ್ಲಿ ಅವರಿದ್ದದ್ದು ದೋಹಾದ ಐನ್ ಖಾಲಿದ್ ಬಡಾವಣೆಯಲ್ಲಿ, ಜಿಪ್ಸಮ್ ಹಲಗೆ ನಿಲ್ಲಿಸಿ ಐದು ಪಾಲು ಮಾಡಿದ ವಿಲ್ಲಾದ ಒಂದು ಕೋಣೆಯಲ್ಲಿ. ಐದು ಸಂಸಾರಕ್ಕೂ ಹೊರಗೆ ಹೋಗಲು ಒಂದೇ ಬಾಗಿಲು, ಅದೂ ಎಲ್ಲರಿಗೂ ಒಂದೇ ಆದ ಅಡುಗೆಮನೆ ದಾಟಿ. ಇದ್ದೊಂದು ಕಿಟಕಿಯಲ್ಲಿ ಎಸಿ ಕೂತಿತ್ತು. ಮಂಗಳವಾರ ಪಕ್ಕದ ಕೋಣೆಯ ಶಮ್ನಾ ಎಣ್ಣೆಯ ಬಾಣಲೆಯನ್ನು ಒಲೆಯ ಮೇಲೆ ಮರೆತಳು. ಬೆಂಕಿ ದೊಡ್ಡದೇನಲ್ಲ, ಯಾರೋ ಒದ್ದೆ ಕಂಬಳಿ ಮುಚ್ಚಿ ನಂದಿಸಿದರು. ಆದರೆ ಓಡಬೇಕೆಂದರೆ ಹೊಗೆಯೊಳಗೇ ಓಡಬೇಕಿತ್ತು. ಮುಫೀದಾ ಇಬ್ಬರು ಮಕ್ಕಳ ಮೂಗಿಗೆ ಒದ್ದೆ ಶಾಲು ಒತ್ತಿ ನೆಲದಲ್ಲಿ ಕೂತಿದ್ದಳು.

ಗಂಡ ಕೆಲಸದಿಂದ ಬಂದಾಗ, ಇನ್ನೊಂದು ಬಾಗಿಲು ಮಾಡಿಸಿ ಎಂದಳು. ವಿಲ್ಲಾ ವಹಿಸಿಕೊಂಡು ಕೋಣೆಗಳನ್ನು ಬಾಡಿಗೆಗೆ ಕೊಡುವವನು ಅದಕ್ಕೆ ಒಪ್ಪುವುದಿಲ್ಲ ಎಂದ ಅಝರ್. ದೂರು ಕೊಡಿ ಎಂದಳು. ಹೀಗೆ ಪಾಲು ಮಾಡುವುದೇ ಕಾನೂನಿಗೆ ವಿರುದ್ಧ, ಕೊಟ್ಟರೆ ವಿಲ್ಲಾಕ್ಕೆ ಬೀಗ ಬಿದ್ದು ಐದೂ ಸಂಸಾರ ಬೀದಿಗೆ ಬರುತ್ತದೆ ಎಂದ. ಅದು ಸುಳ್ಳಲ್ಲವಾದ್ದರಿಂದ ಅವಳ ಸಿಟ್ಟು ಇನ್ನಷ್ಟು ಏರಿತು.

ಶುಕ್ರವಾರ ತುಕ್ರನೊಡನೆ ಮಾತಾಡುತ್ತಲೇ ಅಝರ್, ಟ್ಯಾಂಕಿನ ಅಳತೆಯ ಹಾಳೆ ತೆಗೆದುಕೊಡೆಂದು ಫೈಲಿನ ಕಡೆ ಕೈ ತೋರಿಸಿದ. ಅವಳ ಕೈಗೆ ಸಿಕ್ಕಿದ್ದು ಬೇರೊಂದು ನಕ್ಷೆ. ಇದೇ ವಿಲ್ಲಾ, ಇದೇ ಐದು ಕೋಣೆ. ತಮ್ಮ ಕಪಾಟು ನಿಂತ ಗೋಡೆಯಲ್ಲಿ ಹಿತ್ತಲಿಗೆ ಹೋಗುವ ಓಣಿಗೆ ತೆರೆಯುವ ಒಂದು ಬಾಗಿಲು, ಅದಕ್ಕೆ ಕೆಂಪು ಗೀಟು, ಪಕ್ಕದಲ್ಲಿ 'ಮುಚ್ಚುವುದು' ಎಂಬ ಬರಹ. ಹಿತ್ತಲ ಕಡೆ ಗೋಡೆ ಎಬ್ಬಿಸಿದ ಆ ಓಣಿಯೇ ಈಗ ಶಮ್ನಾಳ ಕೋಣೆ. ಅಕ್ಷರ ಗಂಡನದು. ತಾರೀಕು ಅವಳು ಮಕ್ಕಳೊಂದಿಗೆ ಕತಾರಿಗೆ ಬಂದಿಳಿಯುವ ಹಿಂದಿನ ತಿಂಗಳಿನದು.

"ಈ ಬಾಗಿಲು ಮುಚ್ಚಿಸಿದ್ದು ನೀವಾ?"

ಅಝರ್ ಫೋನನ್ನು ಮಂಚದ ಮೇಲೆ ಮಗುಚಿ ಇಟ್ಟ. ತುಕ್ರ ಇನ್ನೂ ಹಲೋ ಹಲೋ ಎನ್ನುತ್ತಿದ್ದ.

"ವಿಲ್ಲಾದವನಿಗೆ ನಾನು ಪ್ಲ್ಯಾನ್ ಮಾಡಿ ಕೊಡದಿದ್ರೆ ನಮಗೆ ಈ ರೂಮೇ ಸಿಗ್ತಿರ್ಲಿಲ್ಲ. ಬರ್ತೇನೆ ಬರ್ತೇನೆ ಅಂತ ಹಠ ಹಿಡಿದದ್ದು ನೀನೇ ಅಲ್ವಾ?"

ಹಿಡಿದದ್ದು ಹೌದು. ಆ ಮಾತು ಅವಳಿಗೆ ನಾಟಿತು. ಆದರೂ ಬಿಡಲಿಲ್ಲ.

"ಯಾರೂ ಇಲ್ಲದ ಮನೆಗೆ ನಾಲ್ಕು ಬಾಗಿಲು ಇಡಿಸ್ತಾ ಇದ್ದೀರಿ. ಮಕ್ಕಳು ಮಲಗುವಲ್ಲಿ ಇದ್ದದ್ದನ್ನೂ ಮುಚ್ಚಿಸಿದ್ರಿ."

ಅವನು ತಲೆ ತಗ್ಗಿಸಿದ. ತಪ್ಪಾಯಿತು ಎಂಬ ಒಂದು ಮಾತು ಬಂದಿದ್ದರೆ ಸಾಕಿತ್ತು, ಹೆಂಗಸು ಅಲ್ಲೇ ಕರಗುತ್ತಿದ್ದಳು. ಅವಳು ಕಾದಳು. ಅಝರ್ ಒಮ್ಮೆ ಜಿಪ್ಸಮ್ ಗೋಡೆಯ ಕಡೆ ನೋಡಿ, ದನಿ ತಗ್ಗಿಸಿ, "ಶಮ್ನಾಳಿಗೆ ಹೇಳ್ಬೇಡ" ಎಂದ.

ಮುಫೀದಾ ಮಕ್ಕಳಿಬ್ಬರಿಗೂ ಚಪ್ಪಲಿ ಹಾಕಿಸಿದಳು. ಬೀಗ ಬೀಳುವುದಾದರೆ ಬೀಳಲಿ ಎಂದುಕೊಂಡು, ನಕ್ಷೆಯನ್ನು ಕೈಯಲ್ಲಿ ಹಿಡಿದು, ಹೋಗಿ ಶಮ್ನಾಳ ಬಾಗಿಲು ತಟ್ಟಿದಳು.