ಬೆಂಕಿಪೊಟ್ಟಣದ ಮನೆಯ ಜಾಲಿ

ಜಡಿಗೇನಹಳ್ಳಿ ದಾಟಿ, ನೀಲಗಿರಿ ತೋಪಿನ ಆಚೆ ನಮ್ಮಪ್ಪ ಕಟ್ಟಿಸಿದ ಮನೆಯನ್ನು ಊರವರು ಬೆಂಕಿಪೊಟ್ಟಣ ಅಂತಲೇ ಕರೆಯುವುದು. ಅಪ್ಪ ವೆಂಕಟರಾಮಪ್ಪ ಬೆಂಗಳೂರಿನಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್ ಕಟ್ಟಿಸುತ್ತಿದ್ದ ಓವರ್‌ಸಿಯರ್. ಅಲ್ಲಿ ಕಂಡದ್ದನ್ನೆಲ್ಲ ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಈ ಬೆಂಗಾಡಿಗೆ ತಂದಿಳಿಸಿದರು. ತಗ್ಗಾದ ಚಪ್ಪಟೆ ತಾರಸಿ, ಗೋಡೆಯಗಲದ ಗಾಜಿನ ಕಿಟಕಿ, ಮೊಸಾಯಿಕ್ ನೆಲ, ಪಡುವಣದ ಬಿಸಿಲಿಗೆ ಅಡ್ಡವಾಗಿ ತೂತುತೂತಿನ ಸಿಮೆಂಟ್ ಬ್ಲಾಕುಗಳ ಜಾಲಿ ಗೋಡೆ. ಹೆಂಚಿಲ್ಲ, ಜಗಲಿಯಿಲ್ಲ, ಇದೂ ಒಂದು ಮನೆಯಾ ಎಂದು ನಕ್ಕವರೇ ಬೇಸಿಗೆಯಲ್ಲಿ ಆ ಗೋಡೆಯ ಮಗ್ಗುಲಿಗೆ ಬಂದು ಕೂರುತ್ತಿದ್ದರು.

ಅಪ್ಪ ಹೋದ ಮೇಲೆ ಮನೆಗೆ ಬೀಗ ಬಿತ್ತು. ಹೋದ ವರ್ಷ ನಮ್ಮಣ್ಣ ಅಂಬರೀಶ, ಅದನ್ನು ಕೆಡವಿ ಗೋಡೌನ್ ಎಬ್ಬಿಸುತ್ತೇನೆ ಎಂದಾಗ ನನಗೆ ಮೈಯೆಲ್ಲ ಉರಿಯಿತು. ರಿಪೇರಿ ಮಾಡಿಸಿ ನಾನೇ ಅಲ್ಲಿರುತ್ತೇನೆ ಎಂದೆ.

"ಆ ಕಾದ ಕಾವಲಿ ಮೇಲಾ?" ಅಣ್ಣ ನಕ್ಕ. "ನೋಡು ರೂಪ, ಯುಗಾದಿ ದಿನ ಮಧ್ಯಾಹ್ನ ಬರ್ತೀನಿ. ಒಬ್ಬಟ್ಟು ತಿಂದು, ಫ್ಯಾನ್ ಇಲ್ದೆ ಹಾಲ್‌ನಲ್ಲಿ ಒಂದು ನಿದ್ದೆ ತೆಗೆಯೋಕಾದ್ರೆ ಮನೆ ನಿಂದು. ಬೆವರು ಕಿತ್ಕೊಂಡ್ ಬಂತು ಅಂದ್ರೆ ಮಾರನೇ ದಿನ, ಹೊಸತೊಡಕಿಗೇ ಜೆಸಿಬಿ ತರ್ತೀನಿ."

"ಬಾ, ನೋಡೇ ಬಿಡಾಣ," ಎಂದೆ.

ಸಮೇತನಹಳ್ಳಿಯ ಗಾರೆ ಮೇಸ್ತ್ರಿ ಮುನಿಶಾಮಪ್ಪ ಕೆಲಸಕ್ಕೆ ನಿಂತ. ತಾರಸಿಯ ಬಿರುಕು ಮುಚ್ಚಿತು. ಮೊಸಾಯಿಕ್ ನೆಲ ಮುಖ ಕಾಣುವಷ್ಟು ಮಿಂಚಿತು. ಅಪ್ಪನ ಗಿಡ್ಡ ಕಾಲಿನ ತೇಗದ ಕುರ್ಚಿಗಳಿಗೆ ಬೆತ್ತ ಹೆಣೆಸಿದೆ. ಅಮ್ಮನ ದೊಡ್ಡಬಳ್ಳಾಪುರದ ಹಳದಿ ಸೀರೆಗಳಿಗೆ ಕತ್ತರಿ ಹಾಕಿ ಪರದೆ ಹೊಲಿಸಿದೆ. ಉಳಿದದ್ದು ಹಿತ್ತಲ ಕಡೆಯ ಜಾಲಿ ಮರಗಳು. ಬೀಗ ಹಾಕಿದ್ದ ವರ್ಷಗಳಲ್ಲಿ ಅವು ಪಡುವಣದ ಗೋಡೆಯ ಆಚೆ ದಟ್ಟವಾಗಿ ಬೆಳೆದು ತಾರಸಿಯ ಮೇಲಕ್ಕೂ ಮುಳ್ಳು ಚಾಚಿದ್ದವು. ಅಪ್ಪನ ಕಾಲದಲ್ಲಿ ಅಲ್ಲಿ ಬರೀ ಬಯಲು. ನನಗೆ ಎಲ್ಲವೂ ಅಪ್ಪನ ಕಾಲದ ಹಾಗೆಯೇ ಆಗಬೇಕಿತ್ತು.

ಹೊಸಕೋಟೆಯಲ್ಲಿ ಮದುವೆಯೊಂದಕ್ಕೆ ಹೋಗಿದ್ದವಳು ಓಲಗದ ಗದ್ದಲದಲ್ಲೇ ಮೇಸ್ತ್ರಿಗೆ ಫೋನ್ ಮಾಡಿದೆ. "ಹಿಂದಗಡೆ ಜಾಲಿ ಎಲ್ಲಾ ತೆಗೆಸಿಬಿಡಿ, ಒಂದೂ ಉಳೀಬಾರ್ದು!"

ಸಂಜೆ ಬಂದು ನೋಡಿದರೆ ಮರಗಳು ಆರಾಮಾಗಿ ನಿಂತಿದ್ದವು. ಅಪ್ಪನ ಗೋಡೆ ನೆಲದ ಮೇಲೆ ಚೂರುಚೂರಾಗಿ ಬಿದ್ದಿತ್ತು.

"ಏನ್ರೀ ಇದು ಮುನಿಶಾಮಪ್ಪ!"

"ನೀವೇ ಅಲ್ವಾ ಅಕ್ಕ, ಜಾಲಿ ಎಲ್ಲಾ ತೆಗೆಸಿ ಅಂದಿದ್ದು?"

"ನಾನಂದಿದ್ದು ಮುಳ್ಳಿನ ಮರ ಕಣ್ರೀ!"

"ಗಾರೆ ಕೆಲ್ಸದೋನಿಗೆ ಜಾಲಿ ಅಂದ್ರೆ ಇದೇ ಅಲ್ವಾ," ಎಂದು ಅವನು ತಲೆ ಮೇಲೆ ಕೈಹೊತ್ತು ಕೂತ.

ಹೊಲದಲ್ಲಿ ಬೆಳೆದ ನನ್ನ ಬಾಯಿಗೆ ಜಾಲಿ ಅಂದರೆ ಮುಳ್ಳು, ಕರಣೆ ಹಿಡಿದವನ ಕಿವಿಗೆ ಅದು ಗೋಡೆ. ಯಾರನ್ನು ಬೈಯುವುದು? ಮನಸಾರೆ ಅತ್ತುಬಿಟ್ಟೆ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಚೂರುಗಳನ್ನು ಕೆದಕಿದೆ. ಒಂದೇ ಒಂದು ಬ್ಲಾಕ್ ಪೂರ್ತಿಯಾಗಿ ಸಿಕ್ಕಿತು. ಅದನ್ನೇ ಮಾದರಿ ಮಾಡಿ ಬಡಗಿಯ ಹತ್ತಿರ ಮರದ ಅಚ್ಚು ಮಾಡಿಸಿದೆ.

ಮೇಸ್ತ್ರಿ ಸಿಮೆಂಟ್ ಕಲಸಿಕೊಟ್ಟ, ಅಚ್ಚಿಗೆ ಎಣ್ಣೆ ಸವರಿ ತುಂಬಿದವಳು ನಾನು. ಅವಸರಪಟ್ಟು ಬಿಡಿಸಿದ್ದಕ್ಕೆ ಮೊದಲನೆಯವು ಕೈಯಲ್ಲೇ ಉದುರಿದವು. ಮಾರನೇ ದಿನ ಮತ್ತೆ ತುಂಬಿದೆ. ಅಂಗೈ ಸುಲಿಯಿತು. ಅರಿಶಿನ ಹಚ್ಚಿಕೊಂಡು ಮತ್ತೆ ತುಂಬಿದೆ. ಹಸಿ ಬ್ಲಾಕುಗಳಿಗೆ ಬಿಸಿಲು ತಾಕಬಾರದು, ನೀರು ಉಣಿಸುತ್ತಲೇ ಇರಬೇಕು. ಸುತ್ತಮುತ್ತ ನೆರಳಿದ್ದದ್ದು ಆ ಹಾಳು ಜಾಲಿ ಮರಗಳ ಕೆಳಗೆ ಮಾತ್ರ. ಹಾಗಾಗಿ ಗೋಡೆ ಮುಗಿಯುವ ತನಕ ಅವಕ್ಕೆ ಆಯುಷ್ಯ ಕೊಟ್ಟೆ.

ಯುಗಾದಿ ಬಂತು. ಗೋಡೆ ಸೊಂಟದೆತ್ತರಕ್ಕೂ ಬಂದಿರಲಿಲ್ಲ. ಸೋತೆ ಅಂತಲೇ ಅಂದುಕೊಂಡು ಒಬ್ಬಟ್ಟು ಬಡಿಸಿದೆ. ಅಣ್ಣ ಹೊಟ್ಟೆ ಬಿರಿಯುವಂತೆ ಉಂಡು, ಟವೆಲ್ ಹೆಗಲಿಗೆ ಹಾಕಿಕೊಂಡು, ಪಡುವಣದ ಕಿಟಕಿಗೆ ಮುಖಮಾಡಿ ಅಪ್ಪನ ಕುರ್ಚಿಯಲ್ಲಿ ಕೂತ. ಹೊರಗೆ ಬಿಸಿಲು ಧಗಧಗ ಎನ್ನುತ್ತಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನ ಹಣೆಯನ್ನೇ ನೋಡುತ್ತಿದ್ದೆ.

ನೆಲದ ಮೇಲೆ ಕಿಟಕಿಯ ಬುಡದಲ್ಲಿ ಬ್ಲಾಕಿನ ತೂತುಗಳ ಬೆಳಕು, ಅದರಾಚೆ ಜಾಲಿ ಮರದ ಸಣ್ಣ ಎಲೆಗಳ ಅಲ್ಲಾಡುವ ನೆರಳು. ಮರಗಳ ನಡುವಿನಿಂದ ಗಾಳಿ ತೆರೆದ ಕಿಟಕಿಯೊಳಗೆ ಬಂತು. ಸ್ವಲ್ಪ ಹೊತ್ತಿಗೆ ಅಣ್ಣ ಗೊರಕೆ ಹೊಡೆಯತೊಡಗಿದ.

ಎದ್ದವನು ಅಭ್ಯಾಸಬಲದಿಂದ ಹಣೆ ಒರೆಸಿಕೊಂಡ. ಟವೆಲ್ ನೋಡಿಕೊಂಡ. ಒಣಗಿತ್ತು. ಕಿಟಕಿಯ ಕಡೆ ಗದ್ದ ಎತ್ತಿ, "ಆ ಜಾಲಿ ಮುಟ್ಬೇಡ ಕಣೇ," ಎಂದ.

"ಯಾವ್ದಣ್ಣ? ಬಿಡಿಸಿ ಹೇಳು. ಒಂದ್ಸಲ ಆಗಿರೋದೇ ಸಾಕು."

"ಎರಡೂನೂ," ಎಂದು ಅಪ್ಪನ ಕುರ್ಚಿಯ ತೋಳು ಸವರಿದ.

ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಹೊಸತೊಡಕಿನ ದಿನ ಏನು ಮಾಡುತ್ತೇವೋ ವರ್ಷವಿಡೀ ಅದೇ ಆಗುತ್ತದೆ ಎನ್ನುತ್ತಿದ್ದಳು ಅಮ್ಮ. ಮಾರನೇ ಬೆಳಿಗ್ಗೆ ಜೆಸಿಬಿ ಬರಲಿಲ್ಲ. ನಾನು ಬೇಗ ಎದ್ದು ಅಚ್ಚಿಗೆ ಎಣ್ಣೆ ಸವರಿದೆ.